ಪುಕ್ಕಟೆ ಗೇಮಿನ ಅಂಗಡಿ ಲೆಕ್ಕ: ಡೈಮಂಡ್, ಸ್ಪಿನ್, ಪಾಸ್‌ಗಳನ್ನು ರೂಪಾಯಿಗೆ ಇಳಿಸಿ ನೋಡುವ ಬಗೆ

ತೀರ್ಥಹಳ್ಳಿ, ಹೊಸನಗರದ ಕಡೆ ಮಳೆ ಜೋರಾಗಿ ಶಾಲೆಗೆ ರಜೆ ಕೊಟ್ಟ ದಿನ ಮನೆಯ ಫೋನಿಗೆ ಬಿಡುವಿರುವುದಿಲ್ಲ. ಆ ಫೋನು ಬಹಳ ಮನೆಗಳಲ್ಲಿ ಅಪ್ಪನದು. ಮಂಡಿಯಿಂದ ಅಡಿಕೆ ದುಡ್ಡು ಬಂದು ಬೀಳುವ ಖಾತೆಯ ಯುಪಿಐ ಇರುವುದೂ ಅದರಲ್ಲೇ. ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್, ಕಾಲ್ ಆಫ್ ಡ್ಯೂಟಿ ಮೊಬೈಲ್ ಇವನ್ನೆಲ್ಲ ಇಳಿಸಿಕೊಳ್ಳಲು ಒಂದು ಪೈಸೆಯೂ ಬೇಡ. ದುಡ್ಡು ಹೋಗುವುದು ಆಟದೊಳಗಿನ ಅಂಗಡಿಯಲ್ಲಿ. ಅಲ್ಲಿ ಬೆಲೆ ಬರೆದಿರುವುದು ರೂಪಾಯಿಯಲ್ಲಲ್ಲ, ಯುಸಿ, ಡೈಮಂಡ್, ಸಿಪಿ ಎಂಬ ಆಟದೊಳಗಿನ ನಾಣ್ಯಗಳ ಲೆಕ್ಕದಲ್ಲಿ.

ಆ ಬೆಲೆಯನ್ನು ರೂಪಾಯಿಗೆ ಇಳಿಸಿ ನೋಡುವುದು ಹೇಗೆ, ಬೇಡದ ಖರ್ಚಿಗೆ ಫೋನಿನಲ್ಲಿ ಬಾಗಿಲು ಹಾಕುವುದು ಹೇಗೆ ಎಂಬುದು ಇಲ್ಲಿದೆ. ಆಡುವವರಿಗೂ ಬೇಕು, ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿದೆಯೋ ಅವರಿಗೂ ಬೇಕು. ಇಬ್ಬರೂ ಜೊತೆಗೆ ಕೂತು ಒಮ್ಮೆ ಲೆಕ್ಕ ಹಾಕಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಕಂಪನಿಗೆ ದುಡ್ಡು ಹುಟ್ಟುವುದು ಎಲ್ಲಿ

ಶಿವಮೊಗ್ಗ ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆಗೆ ಬೇರೆ ಬೇರೆ ದರ. ಸರಕಿಗೆ ಬೆಲೆ ಹೆಚ್ಚು, ಏಕೆಂದರೆ ಅಂಥ ಅಡಿಕೆ ತೋಟದಲ್ಲಿ ಸಿಗುವುದೇ ಕಡಿಮೆ. ಗೇಮಿನಲ್ಲೂ ಹೀಗೆಯೇ ದರ್ಜೆಗಳಿವೆ: ನೀಲಿ, ನೇರಳೆ, ಬಂಗಾರ, ಕೆಂಪು; ಎಪಿಕ್, ಲೆಜೆಂಡರಿ, ಮಿಥಿಕ್. ವ್ಯತ್ಯಾಸ ಒಂದೇ. ಕೆಂಪು ದರ್ಜೆಯ ಬಂದೂಕಿನ ಸ್ಕಿನ್, ಅಂದರೆ ಅದಕ್ಕೆ ತೊಡಿಸುವ ಬಣ್ಣದ ವೇಷ, ಅಪರೂಪವಾಗಿರುವುದು ಬೆಳೆ ಕಡಿಮೆಯಾದದ್ದಕ್ಕಲ್ಲ, ಕಂಪನಿ ಹಾಗೆ ಬರೆದಿಟ್ಟದ್ದಕ್ಕೆ. ಸ್ಕಿನ್ ಬರೆಯುವ ಕಲಾವಿದರ ಸಂಬಳ ಒಂದೇ ಸಲದ ಖರ್ಚು. ಆಮೇಲೆ ಹತ್ತು ಜನಕ್ಕೆ ಮಾರಿದರೂ ಹತ್ತು ಲಕ್ಷ ಜನಕ್ಕೆ ಮಾರಿದರೂ ಹೊಸ ಪ್ರತಿಗೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ.

ಆಡುವವರಲ್ಲಿ ಬಹುಪಾಲು ಜನ ಏನನ್ನೂ ಕೊಳ್ಳುವುದಿಲ್ಲ. ಕೊಳ್ಳುವ ಸಣ್ಣ ಪಾಲಿನವರಲ್ಲೂ ಇನ್ನೂ ಸಣ್ಣದೊಂದು ಗುಂಪು ಬಹಳ ಖರ್ಚು ಮಾಡುತ್ತದೆ, ಕಂಪನಿಯ ಆದಾಯದ ದೊಡ್ಡ ಪಾಲು ಅವರದು. ಹಾಗಾದರೆ ಉಳಿದವರು ಏಕೆ ಬೇಕು? ಹಲವರು ಸೇರಿ ಆಡುವ ಗೇಮಿನಲ್ಲಿ ಅಂಗಣ ತುಂಬಬೇಕು, ಕೊಂಡವರ ವೇಷವನ್ನು ನೋಡಲು ಕಣ್ಣುಗಳಿರಬೇಕು. ಒಬ್ಬರೇ ಆಡುವ ಗೇಮಿನಲ್ಲಿ ಬಟ್ಟೆ ಯಾರಿಗೂ ಕಾಣುವುದಿಲ್ಲ. ಇಲ್ಲಿ ಆಟ ಶುರುವಾಗುವ ಮುಂಚಿನ ಲಾಬಿಯಲ್ಲಿ, ಸೋತವರಿಗೆ ಗೆದ್ದವರನ್ನು ತೋರಿಸುವ ಪರದೆಯಲ್ಲಿ, ಸ್ನೇಹಿತರ ಪಟ್ಟಿಯಲ್ಲಿ, ಎಲ್ಲೆಡೆ ಆ ವೇಷ ಕಾಣುವಂತೆ ಇಟ್ಟಿರುತ್ತಾರೆ. ದುಡ್ಡು ಕೊಡದ ಆಟಗಾರ ಕಂಪನಿಗೆ ನಷ್ಟವಲ್ಲ. ಅವನಿಲ್ಲದೆ ಅಂಗಡಿ ನಡೆಯುವುದಿಲ್ಲ.

ಈ ವ್ಯಾಪಾರ ಎಷ್ಟು ಗಟ್ಟಿ ಎಂಬುದಕ್ಕೆ ಟೀಮ್ ಫೋರ್ಟ್ರೆಸ್ 2 ಹಳೆಯ ಸಾಕ್ಷಿ. 2007ರಿಂದ ದುಡ್ಡಿಗೆ ಮಾರುತ್ತಿದ್ದ ಆ ಗೇಮಿಗೆ 2010ರ ಸೆಪ್ಟೆಂಬರ್‌ನಲ್ಲಿ ಅಂಗಡಿಯನ್ನೂ, ದುಡ್ಡು ಕೊಟ್ಟು ಕೊಂಡ ಕೀಲಿಯಿಂದ ತೆರೆಯುವ ಅದೃಷ್ಟದ ಪೆಟ್ಟಿಗೆಗಳನ್ನೂ ಸೇರಿಸಿದರು. 2011ರ ಜೂನ್‌ನಲ್ಲಿ ಗೇಮನ್ನೇ ಪುಕ್ಕಟೆ ಮಾಡಿದರು.

ನೀವು ಕೊಟ್ಟ ₹100 ಎಲ್ಲೆಲ್ಲಿ ಹಂಚಿಹೋಗುತ್ತದೆ ಎಂದರೆ, ಅದರಲ್ಲಿ 18% ಜಿಎಸ್‌ಟಿ ಸೇರಿಯೇ ಇರುವುದರಿಂದ ಮೊದಲಿಗೆ ಸುಮಾರು ₹15 ತೆರಿಗೆಗೆ. ಉಳಿದ ₹85ರಲ್ಲಿ ಆ್ಯಪ್ ಅಂಗಡಿಯವರ ಪಾಲು ಸಾಮಾನ್ಯವಾಗಿ 15ರಿಂದ 30%. ದೊಡ್ಡ ಕಂಪನಿಯೊಂದು 30% ಕೊಡುತ್ತದೆ ಎಂದಿಟ್ಟುಕೊಂಡರೆ ಅದರ ಕೈಗೆ ಸುಮಾರು ₹59. ಕೆಲವು ಕಂಪನಿಗಳು ತಮ್ಮದೇ ವೆಬ್‌ಸೈಟಿನಲ್ಲಿ ಟಾಪ್‌ಅಪ್ ಮಾಡಿದರೆ (ದುಡ್ಡು ಕೊಟ್ಟು ನಾಣ್ಯ ತುಂಬಿಸಿಕೊಂಡರೆ) ಹೆಚ್ಚು ಡೈಮಂಡ್ ಕೊಡುವುದು ಈ ಕಮಿಷನ್ ಉಳಿಯುತ್ತದೆ ಎಂಬುದಕ್ಕೆ.

ಮೊದಲ ಲೆಕ್ಕ: ನಾಣ್ಯದಿಂದ ರೂಪಾಯಿಗೆ

ಒಂದು ಊಹೆಯ ಗೇಮ್ ತೆಗೆದುಕೊಳ್ಳಿ. ಅದರಲ್ಲಿ 60 ನಾಣ್ಯಕ್ಕೆ ₹90, 325 ನಾಣ್ಯಕ್ಕೆ ₹450, 660 ನಾಣ್ಯಕ್ಕೆ ₹900. ನಿಮಗೆ ಬೇಕಾದ ವೇಷಕ್ಕೆ 700 ನಾಣ್ಯ.

ರೂಪಾಯಿಯನ್ನು ನಾಣ್ಯದಿಂದ ಭಾಗಿಸಿ. ಸಣ್ಣ ಪೊಟ್ಟಣದಲ್ಲಿ ಒಂದು ನಾಣ್ಯಕ್ಕೆ ₹1.50, ನಡುವಿನದರಲ್ಲಿ ₹1.38, ದೊಡ್ಡದರಲ್ಲಿ ₹1.36. ದೊಡ್ಡದನ್ನೇ ಕೊಂಡರೆ ಲಾಭವೆಂದು ಕಾಣುತ್ತದೆ. ಆದರೆ 700 ನಾಣ್ಯದ ಪೊಟ್ಟಣ ಇಲ್ಲವೇ ಇಲ್ಲ. 660ರದ್ದೊಂದು, 60ರದ್ದೊಂದು ಕೊಳ್ಳಬೇಕು: ₹990. ಕೈಯಲ್ಲಿ 20 ನಾಣ್ಯ ಉಳಿಯಿತು. ಅಂಗಡಿಯ ಅತಿ ಅಗ್ಗದ ವಸ್ತು 30 ನಾಣ್ಯದ್ದಾದರೆ ಆ 20ಕ್ಕೆ ಏನೂ ಬರುವುದಿಲ್ಲ. ಇನ್ನೊಮ್ಮೆ ಟಾಪ್‌ಅಪ್ ಮಾಡಲು ಅದೇ ಕಾರಣವಾಗಿ ಕೂತಿರುತ್ತದೆ.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕಾದ ಸಂಖ್ಯೆ ನಾಣ್ಯದ ದರವಲ್ಲ. ವಸ್ತು ಕೈಗೆ ಬರುವಷ್ಟರಲ್ಲಿ ಖಾತೆಯಿಂದ ಹೋಗುವ ಒಟ್ಟು ರೂಪಾಯಿ ಬರೆಯಿರಿ, ಇಲ್ಲಿ ₹990. ಹಳೆಯ ನಾಣ್ಯ ಉಳಿದಿದ್ದರೂ ಅದನ್ನು ಪುಕ್ಕಟೆಯೆಂದು ಎಣಿಸಬೇಡಿ, ಕೊಂಡಾಗಿನ ದರದಲ್ಲೇ ಸೇರಿಸಿ. ಬಹಳ ಜನ ತಪ್ಪುವುದು ಇಲ್ಲೇ: ಟಾಪ್‌ಅಪ್ ಮಾಡಿದ ದಿನ ಖರ್ಚು ಎನ್ನಿಸುತ್ತದೆ, ವಾರ ಬಿಟ್ಟು ಆ ನಾಣ್ಯ ಬಳಸಿದ ದಿನ ಖರ್ಚೇ ಆಗಿಲ್ಲ ಎನ್ನಿಸುತ್ತದೆ.

ಮೊದಲ ಟಾಪ್‌ಅಪ್‌ಗೆ ಎರಡು ಪಟ್ಟು ನಾಣ್ಯ ಕೊಡುವುದುಂಟು. ಲೆಕ್ಕದಲ್ಲಿ ಅದು ನಿಜವಾದ ಲಾಭವೇ. ಆದರೆ ಕಂಪನಿಗೆ ಆ ಸಲ ಬೇಕಾಗಿರುವುದು ನಿಮ್ಮ ಹತ್ತಿಪ್ಪತ್ತು ರೂಪಾಯಿಯಲ್ಲ, ಫೋನಿನಲ್ಲಿ ಕಾರ್ಡೋ ಯುಪಿಐಯೋ ಕೂಡಿಸಿಟ್ಟ ಸ್ಥಿತಿ. ಆ ಕೊಡುಗೆ ಬಳಸಿಕೊಂಡರೆ ಕೂಡಲೇ ಪಾವತಿ ವಿಧಾನ ತೆಗೆದುಹಾಕಿ.

ಎರಡನೆಯ ಲೆಕ್ಕ: ಸ್ಪಿನ್

ನಾಣ್ಯ ಕೊಟ್ಟು ಚಕ್ರ ತಿರುಗಿಸುವುದು ಅಥವಾ ಪೆಟ್ಟಿಗೆ ತೆರೆಯುವುದೇ ಸ್ಪಿನ್, ಏನು ಬರುತ್ತದೆ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು. ಅಂಗಡಿಯಲ್ಲಿ ಅತಿ ಹೆಚ್ಚು ದುಡ್ಡು ನುಂಗುವುದು ಇದು. ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಉಂಗುರ ಎಸೆಯುವ ಅಂಗಡಿ ನೋಡಿದವರಿಗೆ ಕ್ರಮ ಗೊತ್ತು: ಕೈಗಡಿಯಾರ ಮುಂದೆಯೇ ಇದೆ, ಕೈಗೆ ಬರುವುದು ಸೋಪು, ಬಾಚಣಿಗೆ. ಜಾತ್ರೆಯಲ್ಲಿ ಉಂಗುರದ ಅಳತೆ ಕಣ್ಣಿಗೆ ಕಾಣುತ್ತದೆ, ಪಕ್ಕದವನು ಎಷ್ಟು ಸಲ ಸೋತ ಎಂಬುದೂ ಕಾಣುತ್ತದೆ. ಗೇಮಿನಲ್ಲಿ ಕಾಣುವುದು ಗೆದ್ದವರ ಹೆಸರು ಮಾತ್ರ, ಪರದೆಯ ಮೇಲೆ ಓಡುತ್ತಿರುತ್ತದೆ.

ಆದರೂ ಒಂದು ಅನುಕೂಲವಿದೆ. 2017ರ ಮೇಯಿಂದ ಚೀನಾ, ಅದೇ ವರ್ಷದ ಡಿಸೆಂಬರ್‌ನಿಂದ ಆ್ಯಪಲ್, 2019ರಿಂದ ಗೂಗಲ್ ಪ್ಲೇ, ಇಂಥ ಪೆಟ್ಟಿಗೆಗಳಲ್ಲಿ ಯಾವುದು ಬರುವ ಸಾಧ್ಯತೆ ಎಷ್ಟು ಎಂದು ಮೊದಲೇ ತೋರಿಸಬೇಕು ಎಂದು ನಿಯಮ ಮಾಡಿವೆ. ಸ್ಪಿನ್ ಪರದೆಯ ಮೂಲೆಯಲ್ಲಿ ಪ್ರಶ್ನೆ ಚಿಹ್ನೆಯೋ "ಐ" ಗುರುತೋ ಇರುತ್ತದೆ. ಅದನ್ನು ಒತ್ತಿ, ಪಟ್ಟಿ ಕೆಳಗಿನವರೆಗೂ ಓದಿ, ಸ್ಕ್ರೀನ್‌ಶಾಟ್ ತೆಗೆದಿಡಿ.

ಓದುವಾಗ ಗಮನಿಸಬೇಕಾದದ್ದು ಆ ಶೇಕಡಾ ಯಾವುದಕ್ಕೆ ಎಂಬುದು. "ಕೆಂಪು ದರ್ಜೆ 1%" ಎಂದಿದ್ದು ಆ ದರ್ಜೆಯಲ್ಲಿ ಸಮಪಾಲಿನ ನಾಲ್ಕು ವಸ್ತುಗಳಿದ್ದರೆ ನಿಮಗೆ ಬೇಕಾದ ಒಂದಕ್ಕೆ 0.25% ಮಾತ್ರ. ಈ ಒಂದು ಸಾಲು ತಪ್ಪಿ ಓದಿದರೆ ಲೆಕ್ಕ ನಾಲ್ಕು ಪಟ್ಟು ತಪ್ಪುತ್ತದೆ.

ಈಗ ರೂಪಾಯಿ. ಒಂದು ಸ್ಪಿನ್‌ಗೆ 60 ನಾಣ್ಯ, ಹತ್ತು ಒಟ್ಟಿಗೆ ತಿರುಗಿಸಿದರೆ 540 ಎಂದಿಟ್ಟುಕೊಳ್ಳಿ. ದೊಡ್ಡ ಪೊಟ್ಟಣದ ದರದಲ್ಲಿ ಹತ್ತರ ಸ್ಪಿನ್‌ಗೆ ₹736. ಬೇಕಾದ ವಸ್ತು 1%. "ನೂರು ಸಲ ತಿರುಗಿಸಿದರೆ ಬಂದೇ ಬರುತ್ತದೆ" ಎಂಬುದು ಎಲ್ಲರ ತಲೆಯಲ್ಲಿರುವ ಲೆಕ್ಕ. ಅದು ತಪ್ಪು. ಒಂದು ಸಲ ಬಾರದಿರುವ ಸಾಧ್ಯತೆ 0.99. ಅದನ್ನೇ ನೂರು ಸಲ ಗುಣಿಸಿದರೆ 0.366. ನೂರು ಜನ ತಲಾ ನೂರು ಸ್ಪಿನ್ ಮಾಡಿದರೆ ಸುಮಾರು 37 ಜನ ಬರಿಗೈಯಲ್ಲಿ ಏಳುತ್ತಾರೆ, ಒಬ್ಬೊಬ್ಬರೂ ₹7,360 ಕಳೆದುಕೊಂಡು. ಇನ್ನೂರು ಸ್ಪಿನ್ ಆದಮೇಲೂ ನೂರರಲ್ಲಿ 13 ಜನಕ್ಕೆ ಸಿಕ್ಕಿರುವುದಿಲ್ಲ.

ಪ್ರತಿ ಸಲ ಈ ಗುಣಾಕಾರ ಮಾಡಬೇಕಿಲ್ಲ, ಎರಡು ಸಂಖ್ಯೆ ನೆನಪಿಟ್ಟರೆ ಸಾಕು. 70 ಅನ್ನು ಶೇಕಡಾದಿಂದ ಭಾಗಿಸಿದರೆ ಅರ್ಧಕ್ಕರ್ಧ ಸಾಧ್ಯತೆಗೆ ಬೇಕಾದ ಸ್ಪಿನ್, 230 ಅನ್ನು ಭಾಗಿಸಿದರೆ ನೂರಕ್ಕೆ ತೊಂಬತ್ತು ಸಾಧ್ಯತೆಗೆ ಬೇಕಾದ ಸ್ಪಿನ್. 1% ವಸ್ತುವಿಗೆ 70 ಮತ್ತು 230, 0.5% ವಸ್ತುವಿಗೆ 140 ಮತ್ತು 460. ಮೇಲಿನ ಗೇಮಿನಲ್ಲಿ 70 ಸ್ಪಿನ್ ಎಂದರೆ ಸುಮಾರು ₹5,150, 230 ಎಂದರೆ ಸುಮಾರು ₹16,900. ವಸ್ತುವಿನ ನಿಜವಾದ ಬೆಲೆ ಎರಡನೆಯದು. ಅಷ್ಟು ಕೊಡಲು ಸಿದ್ಧವಿಲ್ಲದಿದ್ದರೆ ಮೊದಲ ಸ್ಪಿನ್ನೂ ಮಾಡಬಾರದು. ನಡುವೆ ನಿಲ್ಲಿಸಿದರೆ ಕೈಯಲ್ಲಿ ಉಳಿಯುವುದು ಬಾಚಣಿಗೆ.

ನಿಜವಾದ ಅಂಕಿಗಳೂ ಇವೆ. ಕೌಂಟರ್ ಸ್ಟ್ರೈಕ್ ಎಂಬ ಬಂದೂಕಿನ ಗೇಮಿನ ಪೆಟ್ಟಿಗೆಗಳಿಗೆ ಚೀನಾದಲ್ಲಿ 2017ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಕೆಳದರ್ಜೆ ವಸ್ತು 79.92%, ಅದರ ಮೇಲಿನವು ಕ್ರಮವಾಗಿ 15.98, 3.20, 0.64, ಎಲ್ಲರೂ ಆಸೆಪಡುವ ಚಾಕು 0.26%. ಸರಾಸರಿ 385 ಪೆಟ್ಟಿಗೆಗೆ ಒಂದು ಚಾಕು. ಕೀಲಿ ಒಂದಕ್ಕೆ 2.49 ಡಾಲರ್, ಹಾಗಾಗಿ ಕೀಲಿಗೇ 950 ಡಾಲರ್ ದಾಟುತ್ತದೆ.

"ಇಷ್ಟೆಲ್ಲ ಹಾಕಿದೆ, ಮುಂದಿನದರಲ್ಲಿ ಬರಲೇಬೇಕು" ಎಂಬುದಕ್ಕೆ ಲೆಕ್ಕದಲ್ಲಿ ಜಾಗವಿಲ್ಲ. ಚಕ್ರಕ್ಕೆ ಹಿಂದಿನ ಸೋಲುಗಳ ನೆನಪಿಲ್ಲ. ಇದಕ್ಕೆ ಹೊರತಾದದ್ದು ಖಾತರಿ ಎಣಿಕೆ ಇರುವ ಗೇಮ್‌ಗಳು. ಗೆನ್‌ಶಿನ್ ಇಂಪ್ಯಾಕ್ಟ್‌ನಲ್ಲಿ ಪಾತ್ರಗಳ ಬ್ಯಾನರಿನಲ್ಲಿ (ಕೆಲ ದಿನ ಮಾತ್ರ ಇರುವ ಸ್ಪಿನ್ ಪರದೆ) ಐದು ನಕ್ಷತ್ರದ, ಅಂದರೆ ಮೇಲುದರ್ಜೆಯ ವಸ್ತುವಿನ ಸಾಧ್ಯತೆ ಒಂದು ಸಲಕ್ಕೆ 0.6%, ಆದರೆ 90ನೆಯ ಸಲದೊಳಗೆ ಒಂದು ಬಂದೇ ಬರುತ್ತದೆ. ಬಂದದ್ದು ನಿಮಗೆ ಬೇಕಾದ ಪಾತ್ರವೇ ಆಗಿರಬೇಕಿಲ್ಲ. ಹೆಚ್ಚೆಂದರೆ 180 ಸಲಕ್ಕೆ ಖಾತರಿ. ಒಂದು ಸಲಕ್ಕೆ ಆ ಗೇಮಿನ ನಾಣ್ಯವಾದ ಪ್ರೈಮೋಜೆಮ್ 160, ಒಟ್ಟು 28,800. ಇಂಥ ಗೇಮಿನಲ್ಲಿ ಬಜೆಟ್ ಹಾಕುವುದು ಈ ದೊಡ್ಡ ಸಂಖ್ಯೆಯ ಮೇಲೆ. ಖಾತರಿ ಎಣಿಕೆ ಮುಂದಿನ ಬ್ಯಾನರಿಗೆ ದಾಟುತ್ತದೆಯೋ ಸೊನ್ನೆಗೆ ಇಳಿಯುತ್ತದೆಯೋ ಎಂಬುದನ್ನು ನಿಯಮದ ಪುಟದಲ್ಲಿ ನೋಡಿಯೇ ಮುಂದುವರಿಯಿರಿ. ಸೊನ್ನೆಯಾಗುವ ಗೇಮಿನಲ್ಲಿ ಅರ್ಧ ದಾರಿಯ ಸ್ಪಿನ್‌ಗಳೆಲ್ಲ ನೀರಿನಲ್ಲಿ ಹೋಮ.

ಇನ್ನೊಂದು ಬಗೆಯ ಚಕ್ರ ನಮ್ಮ ಹುಡುಗರಿಗೆ ಚೆನ್ನಾಗಿ ಗೊತ್ತು. ಎಂಟು ವಸ್ತು, ಬಂದದ್ದು ಮತ್ತೆ ಬರುವುದಿಲ್ಲ, ಪ್ರತಿ ಸಲವೂ ದರ ಏರುತ್ತದೆ. ಏರಿಕೆ 9, 19, 39, 69, 99, 149, 199, 499 ಎಂದಿದೆ ಎನ್ನಿ. ಒಟ್ಟು 1,082. ಮೊದಲ ನಾಲ್ಕು ಸ್ಪಿನ್ ಸೇರಿ 136, ಅಂದರೆ ಒಟ್ಟಿನ ಎಂಟರಲ್ಲಿ ಒಂದು ಪಾಲು. ಆದರೆ ಆ ಹೊತ್ತಿಗೆ ಚಕ್ರ ಅರ್ಧ ಖಾಲಿಯಾಗಿ ಕಾಣುತ್ತದೆ, ಅರ್ಧ ದಾರಿ ಬಂದೆವೆನ್ನಿಸುತ್ತದೆ. ಕೊನೆಯ ಒಂದೇ ಸ್ಪಿನ್ ಒಟ್ಟು ಬೆಲೆಯ ಹತ್ತಿರಹತ್ತಿರ ಅರ್ಧ. ಮುಖ್ಯ ವಸ್ತುವಿನ ಪಾಲು ಅತಿ ಕಡಿಮೆ ಇಟ್ಟಿರುವುದರಿಂದ ಅದು ಕೊನೆಗೇ ಉಳಿಯುವುದು ಹೆಚ್ಚು. ಇದನ್ನು 9 ನಾಣ್ಯದ ಆಟವೆಂದು ನೋಡಬೇಡಿ, 1,082 ನಾಣ್ಯದ ವಸ್ತುವೆಂದು ನೋಡಿ. ಆ ಬೆಲೆಗೆ ಬೇಕೇ ಬೇಡವೇ ಎಂದು ಮೊದಲೇ ತೀರ್ಮಾನಿಸಿ.

ಪಾಸ್ ಕೊಳ್ಳುವುದು ಯಾವಾಗ

ಒಂದು ಸೀಸನ್ನಿಗೆ ಇಷ್ಟು ಎಂದು ದುಡ್ಡು ಕೊಟ್ಟು, ಆಡುತ್ತ ಹಂತ ದಾಟಿದಂತೆಲ್ಲ ವಸ್ತು ಪಡೆಯುವುದು ಸೀಸನ್ ಪಾಸ್. ಅದು ಸ್ಪಿನ್‌ನಷ್ಟು ಕೆಟ್ಟದ್ದಲ್ಲ. ಏನು ಸಿಗುತ್ತದೆ ಎಂಬುದು ಮೊದಲೇ ಕಾಣುತ್ತದೆ, ದರವೂ ಒಂದೇ. ಇದರ ಮೊದಲ ರೂಪಗಳಲ್ಲೊಂದು 2013ರ ಡೋಟಾ 2 ಕಾಂಪೆಂಡಿಯಂ. ಅದರ ಮಾರಾಟದ ಕಾಲುಭಾಗ ಆ ವರ್ಷದ ಪಂದ್ಯಾವಳಿಯ ಬಹುಮಾನಕ್ಕೆ ಹೋಗುತ್ತಿತ್ತು. ಈಗ ಅದೇ ಪದ್ಧತಿ ಬಿಜಿಎಂಐಯ ರಾಯಲ್ ಪಾಸ್ ಆಗಿ, ಬೇರೆ ಬೇರೆ ಗೇಮ್‌ಗಳಲ್ಲಿ ಬೇರೆ ಬೇರೆ ಹೆಸರಾಗಿ ಎಲ್ಲೆಡೆ ಇದೆ.

ಮಲೆನಾಡಿನವರಿಗೆ ಇದನ್ನು ಚೇಣಿ ಎಂದರೆ ಬೇಗ ತಿಳಿಯುತ್ತದೆ. ಬೆಳೆ ಇನ್ನೂ ಮರದ ಮೇಲಿರುವಾಗಲೇ ದುಡ್ಡು ಕೊಡುತ್ತೀರಿ, ಕೊಯ್ಲು ನಿಮ್ಮದು. ಕೊಯ್ಯಲಾಗದ್ದು ಹೋಯಿತು. ಪಾಸ್‌ನಲ್ಲಿ 50 ಹಂತ, ಹಂತಕ್ಕೆ 100 ಅಂಕ, ಸೀಸನ್ 30 ದಿನ ಎಂದಿಟ್ಟುಕೊಳ್ಳಿ. ದಿನದ ಕೆಲಸ ಮುಗಿಸಿದರೆ 100 ಅಂಕ, ವಾರದ್ದಕ್ಕೆ 400. ಒಂದು ದಿನವೂ ಬಿಡದೆ ಆಡಿದರೂ 3,000 ಮತ್ತು 1,600, ಒಟ್ಟು 4,600. ಉಳಿದ ನಾಲ್ಕು ಹಂತಕ್ಕೆ ನಾಣ್ಯ ಕೇಳುತ್ತದೆ, ಅಥವಾ ವಿಶೇಷ ದಿನಗಳ ಈವೆಂಟಿನಲ್ಲಿ ಆಡಬೇಕು. ಇನ್ನು ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲ, ಟವರ್ ಇಲ್ಲ ಎಂದರೆ ಮತ್ತೆ 300 ಅಂಕ ಕಡಿಮೆ. ಪರೀಕ್ಷೆಯ ವಾರ ಬಂದರೆ ಇನ್ನಷ್ಟು.

ಪರಿಹಾರ ಸುಲಭ. ಹೆಚ್ಚಿನ ಗೇಮ್‌ಗಳಲ್ಲಿ ಪಾಸ್ ಯಾವಾಗ ಕೊಂಡರೂ ಅಲ್ಲಿಯವರೆಗೆ ದಾಟಿದ ಹಂತಗಳ ವಸ್ತುಗಳೆಲ್ಲ ಒಟ್ಟಿಗೆ ಸಿಗುತ್ತವೆ. ಆದ್ದರಿಂದ ಸೀಸನ್ ಶುರುವಿನಲ್ಲಿ ಕೊಳ್ಳಬೇಡಿ. ಪುಕ್ಕಟೆ ಸಾಲಿನಲ್ಲೇ ಆಡುತ್ತ ಹೋಗಿ, ಮುಗಿಯಲು ಮೂರ್ನಾಲ್ಕು ದಿನವಿರುವಾಗ ಎಷ್ಟನೆಯ ಹಂತದಲ್ಲಿದ್ದೀರಿ ನೋಡಿ. ಬೇಕಾದದ್ದು 40ನೆಯ ಹಂತದಲ್ಲಿದ್ದು ನೀವು 43ರಲ್ಲಿದ್ದರೆ ಕೊಳ್ಳಬಹುದು, 28ರಲ್ಲಿದ್ದರೆ ಬಿಡಿ. ತೀರ ಕೊನೆಯ ದಿನಕ್ಕೆ ಇಡಬೇಡಿ, ನೆಟ್‌ವರ್ಕ್ ಕೈಕೊಟ್ಟರೆ ಅವಧಿ ಮುಗಿದೇ ಹೋಗುತ್ತದೆ.

"ಇನ್ನು 2 ಗಂಟೆ ಮಾತ್ರ" ಎಂದು ಕೆಳಕ್ಕೆ ಎಣಿಸುವ ಗಡಿಯಾರಕ್ಕೆ ಒಂದೇ ಮದ್ದು: ಆ ದಿನ ಕೊಳ್ಳದಿರುವುದು. ಎಷ್ಟೋ ವಸ್ತುಗಳು ಮುಂದೊಂದು ಈವೆಂಟಿನಲ್ಲಿ ಮರಳುತ್ತವೆ. ಸುಳ್ಳು ಅವಸರ ಹುಟ್ಟಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಹೆಸರಿಸಿದ 13 ಮೋಸದ ವಿನ್ಯಾಸಗಳ ಸಾಲಿಗೆ ಸೇರಿಸಿದೆ.

ಕೊಂಡದ್ದು ನಿಮ್ಮದೇ?

ಅಲ್ಲ. ಬಳಸಲು ಕೊಟ್ಟ ಅನುಮತಿ ಮಾತ್ರ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್, 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ನಿಷೇಧವಾದವು. ಬಿಜಿಎಂಐ ಕೂಡ 2022ರ ಜುಲೈಯಲ್ಲಿ ಅಂಗಡಿಗಳಿಂದ ಮಾಯವಾಗಿ 2023ರ ಮೇಯಲ್ಲಿ ಮರಳಿತು. ಪಬ್‌ಜಿಯ ವಸ್ತುಗಳನ್ನು ಬಿಜಿಎಂಐಗೆ ದಾಟಿಸಲು ಸ್ವಲ್ಪ ಕಾಲ ಅವಕಾಶ ಕೊಟ್ಟರು, ಅದು ಕಂಪನಿ ಕೊಟ್ಟ ಸೌಲಭ್ಯ, ಹಕ್ಕಲ್ಲ.

ವಸ್ತುಗಳನ್ನು ಮಾರಲು ಬಿಡುವ ಗೇಮ್‌ಗಳೂ ಇವೆ, ಕೌಂಟರ್ ಸ್ಟ್ರೈಕ್ ಅವುಗಳಲ್ಲಿ ದೊಡ್ಡದು. ಅಲ್ಲಿಯೂ ದರ ಕಂಪನಿಯ ಕೈಯಲ್ಲಿದೆ. 2025ರ ಅಕ್ಟೋಬರ್‌ನಲ್ಲಿ ಐದು ಕೆಂಪು ದರ್ಜೆಯ ವಸ್ತು ಕೊಟ್ಟು ಚಾಕು ಪಡೆಯಬಹುದು ಎಂದು ನಿಯಮ ಬದಲಾಯಿತು, ಚಾಕುಗಳ ಬೆಲೆ ಕುಸಿಯಿತು. ಅಡಿಕೆ ದರ ಬಿದ್ದರೆ ಮೂಟೆಯನ್ನಾದರೂ ಕಾದಿಡಬಹುದು. ಸ್ಕಿನ್ ಕೊಂಡು ಹೂಡಿಕೆ ಎಂದುಕೊಳ್ಳುವವರು ಇದನ್ನು ಯೋಚಿಸಬೇಕು.

ಕೊಳ್ಳುವ ಮುಂಚೆ ಇನ್ನೊಂದು ಪರೀಕ್ಷೆ: ವಸ್ತು ಬರೀ ವೇಷವೋ, ಬಲವೋ? ಬಂದೂಕಿನ ವಿವರದಲ್ಲಿ ಹೊಡೆತ, ರೀಲೋಡ್ ವೇಗದಂಥವು ಏರಿದ್ದರೆ ಅದು ಬಲ. ಅಂಥ ಗೇಮಿನಲ್ಲಿ ಮುಂದಿನ ತಿಂಗಳು ಇನ್ನೂ ಬಲವಾದದ್ದು ಬರುತ್ತದೆ, ಇಂದು ಕೊಂಡದ್ದು ಹಳತಾಗುತ್ತದೆ. ವೇಷಕ್ಕೆ ಆ ತೊಂದರೆ ಇಲ್ಲ. ಆಗುಂಬೆ ಕಡೆಯ ಹಳ್ಳಿಯಲ್ಲಿ ಪಿಂಗ್ (ನೆಟ್‌ವರ್ಕಿನ ತಡ) 200 ದಾಟಿ ಸೋಲುತ್ತಿದ್ದರೆ ಯಾವ ಬಂದೂಕೂ ಅದನ್ನು ಸರಿಮಾಡುವುದಿಲ್ಲ.

ಟೆಲಿಗ್ರಾಂ, ಇನ್‌ಸ್ಟಾಗ್ರಾಂಗಳಲ್ಲಿ "ಅರ್ಧ ಬೆಲೆಗೆ ಯುಸಿ" ಮಾರುವವರಿಂದ ದೂರವಿರಿ. ಅವರು ಕದ್ದ ಕಾರ್ಡಿನಿಂದ ಕೊಂಡು ಕೊಟ್ಟಿದ್ದರೆ, ಕಾರ್ಡಿನ ಯಜಮಾನ ದೂರಿ ಹಣ ವಾಪಸು ಪಡೆದ ದಿನ ನಿಮ್ಮ ನಾಣ್ಯದ ಲೆಕ್ಕ ಮೈನಸ್‌ಗೆ ಇಳಿಯುತ್ತದೆ, ಖಾತೆಯೂ ಬಂದ್ ಆಗಬಹುದು. ಅಧಿಕೃತ ಟಾಪ್‌ಅಪ್ ಪುಟಕ್ಕೆ ಬೇಕಾಗುವುದು ಆಟಗಾರನ ಐಡಿ ಸಂಖ್ಯೆ. ಗೇಮಿನ ಪಾಸ್‌ವರ್ಡ್ ಅಥವಾ ಲಾಗಿನ್ ಒಟಿಪಿ ಕೇಳುವವರು ಖಾತೆಯನ್ನೇ ಹಾರಿಸಲು ಬಂದವರು.

ಫೋನಿನ ಬಾಗಿಲು ಹಾಕುವುದು

ದುಡ್ಡನ್ನಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನ ಕಾಯ್ದೆ ನಿಷೇಧಿಸಿದೆ. ಪುಕ್ಕಟೆ ಗೇಮಿನೊಳಗಿನ ವೇಷದ ಅಂಗಡಿ ಬೇರೆ, ಆ ಕಾಯ್ದೆಯಿಂದ ಅದು ಮುಚ್ಚಿಲ್ಲ. ಗೇಮ್‌ಗಳೇ ಹಾಕುವ ಮಿತಿಯನ್ನೂ ನೆಚ್ಚಬೇಡಿ: 2021ರಲ್ಲಿ ಬಿಜಿಎಂಐ ಬಂದಾಗ 18 ತುಂಬದವರಿಗೆ ಇಟ್ಟಿದ್ದ ಖರ್ಚಿನ ಮಿತಿ ದಿನಕ್ಕೆ ₹7,000.

ಮೊದಲು ಪ್ಲೇ ಸ್ಟೋರ್ ತೆರೆಯಿರಿ. ಮೇಲಿನ ಬಲಮೂಲೆಯ ನಿಮ್ಮ ಚಿತ್ರ ಒತ್ತಿ ಸೆಟ್ಟಿಂಗ್ಸ್‌ಗೆ ಹೋದರೆ ಪರ್ಚೇಸ್ ವೆರಿಫಿಕೇಷನ್ ಅಥವಾ ಅಥೆಂಟಿಕೇಷನ್ ಎಂಬ ಆಯ್ಕೆ ಸಿಗುತ್ತದೆ. ಆ್ಯಪಿನ ಆವೃತ್ತಿಗೆ ತಕ್ಕಂತೆ ಹೆಸರೂ ಜಾಗವೂ ಬದಲಾಗುತ್ತವೆ. ಅದನ್ನು ಪ್ರತಿ ಖರೀದಿಗೂ ಕೇಳುವಂತೆ ಇಡಿ, 30 ನಿಮಿಷಕ್ಕೊಮ್ಮೆ ಎಂಬುದಕ್ಕಲ್ಲ. ಆ ಅರ್ಧ ಗಂಟೆಯಲ್ಲಿ ಹತ್ತು ಸಲ ಟಾಪ್‌ಅಪ್ ಮಾಡಬಹುದು.

ಇಷ್ಟಾದರೂ ಹಣ ಹೋಗುವುದು ಬೆರಳಚ್ಚಿನಿಂದ. ಫೋನ್ ತೆರೆಯಲು ಅನುಕೂಲವಾಗಲೆಂದು ಮಗನ ಬೆರಳಚ್ಚನ್ನೂ ಸೇರಿಸಿರುತ್ತೀರಿ, ಖರೀದಿಗೂ ಅದೇ ಸಾಕಾಗುತ್ತದೆ. ಫೋನಿನ ಸೆಕ್ಯುರಿಟಿ ಸೆಟ್ಟಿಂಗ್‌ನಲ್ಲಿ ಎಷ್ಟು ಬೆರಳಚ್ಚುಗಳಿವೆ ನೋಡಿ, ನಿಮ್ಮದಲ್ಲದ್ದನ್ನು ತೆಗೆಯಿರಿ. ಯುಪಿಐ ಪಿನ್ ಮಕ್ಕಳಿಗೆ ಗೊತ್ತಿದ್ದರೆ ಇವತ್ತೇ ಬದಲಿಸಿ. ಗ್ಯಾಸಿನವನಿಗೆ, ಹಾಲಿನ ಡೇರಿಗೆ ಕಳಿಸಲು ಹೇಳಿಕೊಟ್ಟ ಪಿನ್ ಅದೇ.

ಪ್ಲೇ ಸ್ಟೋರ್‌ನ ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಷನ್ಸ್‌ನಲ್ಲಿ ಪಾವತಿ ವಿಧಾನಗಳ ಪಟ್ಟಿ ಇದೆ. ಕಾರ್ಡ್, ಯುಪಿಐ ಎರಡನ್ನೂ ತೆಗೆದುಹಾಕಿ. ಅಲ್ಲೇ ಬಜೆಟ್ ಎಂಬ ಆಯ್ಕೆಯೂ ಇದೆ. ತಿಂಗಳಿಗೆ ₹200 ಎಂದು ಅದರಲ್ಲಿ ಬರೆದು ನಿಶ್ಚಿಂತರಾಗುವವರು ಬಹಳ. ಅದು ಖರ್ಚನ್ನು ತಡೆಯುವುದಿಲ್ಲ, ಮಿತಿ ಹತ್ತಿರ ಬಂದಿತೆಂದು ತಿಳಿಸುತ್ತದೆ ಅಷ್ಟೇ.

ಯುಪಿಐ ಆ್ಯಪ್‌ನಲ್ಲಿ ಆಟೊಪೇ ಪಟ್ಟಿ ನೋಡಿ. ತಿಂಗಳ ಚಂದಾಕ್ಕೆ ಒಮ್ಮೆ ಒಪ್ಪಿಗೆ ಕೊಟ್ಟರೆ ₹15,000ದವರೆಗಿನ ಕಂತು ಮತ್ತೆ ಪಿನ್ ಕೇಳದೆ ಹೋಗಬಹುದು, ಹಿಂದಿನ ದಿನ ಒಂದು ಸಂದೇಶ ಬರುತ್ತದೆ. ಗೇಮನ್ನು ಅಳಿಸಿದರೂ ಚಂದಾ ನಿಲ್ಲುವುದಿಲ್ಲ. ಸಬ್‌ಸ್ಕ್ರಿಪ್ಷನ್ ಪಟ್ಟಿಯಲ್ಲೇ ರದ್ದು ಮಾಡಬೇಕು.

ಮಗುವಿಗೆ ಪ್ರತ್ಯೇಕ ಗೂಗಲ್ ಖಾತೆ ಮಾಡಿ, ಮಕ್ಕಳ ಫೋನಿನ ಮೇಲೆ ಕಣ್ಣಿಡುವ ಗೂಗಲ್‌ನ ಫ್ಯಾಮಿಲಿ ಲಿಂಕ್‌ಗೆ ಸೇರಿಸಿದರೆ ಪ್ರತಿ ಖರೀದಿಗೂ ನಿಮ್ಮ ಒಪ್ಪಿಗೆ ಕೇಳುವಂತೆ ಇಡಬಹುದು. ಆದರೆ ಮಗ ಆಡುವುದು ನಿಮ್ಮ ಫೋನಿನಲ್ಲಿ, ನಿಮ್ಮದೇ ಖಾತೆಯಲ್ಲಾದರೆ ಫ್ಯಾಮಿಲಿ ಲಿಂಕ್‌ನಿಂದ ಪ್ರಯೋಜನವಿಲ್ಲ. ವೆಬ್‌ಸೈಟಿನಲ್ಲಿ ಮಾಡುವ ಟಾಪ್‌ಅಪ್‌ಗೂ ಅದು ಅಡ್ಡ ಬರುವುದಿಲ್ಲ. ಐಫೋನ್ ಇದ್ದರೆ ಸ್ಕ್ರೀನ್ ಟೈಮ್‌ನ ಕಂಟೆಂಟ್ ಅಂಡ್ ಪ್ರೈವಸಿ ರಿಸ್ಟ್ರಿಕ್ಷನ್ಸ್‌ನಲ್ಲಿ ಇನ್-ಆ್ಯಪ್ ಪರ್ಚೇಸ್ ಪೂರ್ತಿ ಬಂದ್ ಮಾಡಬಹುದು.

ಇವೆಲ್ಲಕ್ಕಿಂತ ಗಟ್ಟಿಯಾದ ಬಾಗಿಲು ಬ್ಯಾಂಕಿನದು. ಅಡಿಕೆ ದುಡ್ಡು ಬರುವ ಖಾತೆಗೆ ಯುಪಿಐ ಬೇಡ. ಇನ್ನೊಂದು ಸಣ್ಣ ಖಾತೆ ತೆರೆದು, ತಿಂಗಳ ಸಂತೆ-ಸಾಮಾನಿನ ಖರ್ಚಿಗೆ ಬೇಕಾದಷ್ಟನ್ನೇ ಅದಕ್ಕೆ ಹಾಕಿ, ಯುಪಿಐಯನ್ನು ಅದಕ್ಕೆ ಜೋಡಿಸಿ. ಎಲ್ಲಾದರೂ ತಪ್ಪಿದರೂ ಹೋಗುವುದು ಆ ಸಣ್ಣ ಮೊತ್ತ. ಬ್ಯಾಂಕಿನ ಎಸ್‌ಎಂಎಸ್‌ಗಳು ಮಕ್ಕಳು ಆಡುವ ಫೋನಿಗೇ ಬರುತ್ತಿದ್ದರೆ ಅಳಿಸಿಹೋಗಬಹುದು. ದೊಡ್ಡ ಖಾತೆಯ ನಂಬರನ್ನು ಮನೆಯ ಇನ್ನೊಂದು ಫೋನಿಗೆ ಬದಲಿಸಿಕೊಳ್ಳಿ.

ಏನೂ ಕೊಡಬಾರದು ಎಂಬುದಲ್ಲ. ವರ್ಷವಿಡೀ ಸ್ನೇಹಿತರ ಜೊತೆ ಆಡುವ ಗೇಮಿಗೆ ಸ್ವಲ್ಪ ಖರ್ಚು ಮಾಡುವುದು ತಪ್ಪಲ್ಲ. ಅದಕ್ಕೆ ಒಳ್ಳೆಯ ದಾರಿ ಗೂಗಲ್ ಪ್ಲೇ ಗಿಫ್ಟ್ ಕೋಡ್. ತಿಂಗಳಿಗೋ ಹಬ್ಬಕ್ಕೋ ಇಷ್ಟು ಎಂದು ಒಪ್ಪಿಕೊಂಡ ಮೊತ್ತದ ಕೋಡ್ ಕೊಡಿ. ಮುಗಿದರೆ ಮುಗಿಯಿತು, ಬ್ಯಾಂಕಿಗೆ ದಾರಿಯಿಲ್ಲ. ಏನು ಕೊಳ್ಳುವುದು ಎಂಬುದು ಅವರಿಗೇ ಬಿಟ್ಟದ್ದು, ನೇರ ಬೆಲೆಯ ವಸ್ತುವೇ ಹೊರತು ಸ್ಪಿನ್ ಅಲ್ಲ ಎಂಬ ಒಂದು ಕಟ್ಟಳೆ ಇದ್ದರೆ ಸಾಕು. ಕೋಡ್ ಬಳಸಿದ ಮೇಲೆ ಹಿಂದಿರುಗಿಸಲಾಗದು, ಆ ಸಂಖ್ಯೆಯನ್ನು ಯಾರಿಗೂ ಕಳಿಸಬಾರದು ಎಂದೂ ಹೇಳಿಕೊಡಿ.

ಹಣ ಹೋಗಿಬಿಟ್ಟಿದ್ದರೆ

ಗದರುವ ಮೊದಲು ಒಂದು ಮಾತು ಕೇಳಿ: ನಾಣ್ಯ ಇನ್ನೂ ಉಳಿದಿದೆಯೇ? ಉಳಿದಿದ್ದರೆ ಖರ್ಚು ಮಾಡಬೇಡ ಎನ್ನಿ. ಬಳಸದ ನಾಣ್ಯಕ್ಕೆ ಹಣ ಮರಳುವ ಅವಕಾಶ ಹೆಚ್ಚು. ಹೆದರಿದ ಮಗು ಖರೀದಿಯ ದಾಖಲೆ ಅಳಿಸಿದರೆ ಕೆಲಸ ಕಷ್ಟವಾಗುತ್ತದೆ, ಹಾಗಾಗಿ ಮೊದಲ ಹತ್ತು ನಿಮಿಷ ಸಮಾಧಾನ ಬೇಕು.

ಪ್ಲೇ ಸ್ಟೋರ್‌ನ ಆರ್ಡರ್ ಇತಿಹಾಸ ಅಥವಾ ಜಿಮೇಲ್‌ಗೆ ಬಂದ ರಸೀದಿಯಲ್ಲಿ ಜಿಪಿಎ ಎಂದು ಶುರುವಾಗುವ ಆರ್ಡರ್ ಸಂಖ್ಯೆ ಇರುತ್ತದೆ. ಎಲ್ಲವನ್ನೂ ದಿನಾಂಕ, ಮೊತ್ತದ ಜೊತೆ ಬರೆದುಕೊಳ್ಳಿ. ಖರೀದಿಯಾಗಿ 48 ಗಂಟೆಯೊಳಗಾದರೆ ಗೂಗಲ್ ಪ್ಲೇ ವೆಬ್‌ಸೈಟಿನ ಆರ್ಡರ್ ಪಟ್ಟಿಯಲ್ಲಿ ಆ ಖರೀದಿಯ ಪಕ್ಕದ ರೀಫಂಡ್ ಕೋರಿಕೆ ಒತ್ತಿ. ಕಾರಣ ಕೇಳಿದಾಗ ಮನೆಯವರು ನಿಮ್ಮ ಒಪ್ಪಿಗೆಯಿಲ್ಲದೆ ಕೊಂಡರು ಎಂಬ ಆಯ್ಕೆಯಿದೆ, ನಡೆದದ್ದು ಅದೇ ಆಗಿದ್ದರೆ ಅದನ್ನೇ ಆರಿಸಿ. ಹತ್ತು ಖರೀದಿಯಾಗಿದ್ದರೆ ಹತ್ತಕ್ಕೂ ಬೇರೆ ಬೇರೆ ಕೋರಿಕೆ ಹಾಕಬೇಕು. 48 ಗಂಟೆ ಮೀರಿದ್ದರೆ ಗೇಮಿನ ಸೆಟ್ಟಿಂಗ್ಸ್‌ನಲ್ಲಿರುವ ಕಸ್ಟಮರ್ ಸರ್ವಿಸ್‌ಗೆ ಆರ್ಡರ್ ಸಂಖ್ಯೆ, ಆಟಗಾರನ ಐಡಿ, ಮಗುವಿನ ವಯಸ್ಸು ಬರೆದು ಕಳಿಸಿ. ಭಾರತೀಯ ಕರಾರು ಕಾಯ್ದೆಯ ಪ್ರಕಾರ 18 ತುಂಬದವರು ಮಾಡಿಕೊಂಡ ಕರಾರು ಊರ್ಜಿತವಲ್ಲ, ಅದನ್ನೂ ಪತ್ರದಲ್ಲಿ ಹೇಳಿ. ಐಫೋನಿನಲ್ಲಿ ಕೊಂಡದ್ದಾದರೆ ಆ್ಯಪಲ್‌ನ ರಿಪೋರ್ಟ್ ಎ ಪ್ರಾಬ್ಲಮ್ ಪುಟ.

ಮನೆಯವರಾರೂ ಮಾಡದ ಖರೀದಿ, ಅಂದರೆ ಹೊರಗಿನವರ ಕಳವು ಎಂದಾದರೆ ದಾರಿ ಬೇರೆ. ಗೂಗಲ್‌ಗೆ 120 ದಿನದೊಳಗೆ ತಿಳಿಸಬಹುದು, ಆದರೆ ಅಷ್ಟು ಕಾಯದೆ ಕೂಡಲೇ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ. ಮಗ ಮಾಡಿದ್ದನ್ನು ಕಳವು ಎಂದು ಬ್ಯಾಂಕಿಗೆ ಹೇಳಿ ಹಣ ಹಿಂದಕ್ಕೆಳೆಯಬೇಡಿ. ಅದು ಸುಳ್ಳು ದೂರಾಗುತ್ತದೆ, ಗೂಗಲ್ ಖಾತೆಯೇ ತಡೆಹಿಡಿಯಲ್ಪಡಬಹುದು. ರೀಫಂಡ್ ಸಿಕ್ಕರೆ ಗೇಮಿನಲ್ಲಿ ಆ ನಾಣ್ಯ, ವಸ್ತು ವಾಪಸು ಹೋಗುತ್ತವೆ. ಖರ್ಚಾಗಿದ್ದರೆ ಲೆಕ್ಕ ಮೈನಸ್‌ಗೆ ಇಳಿಯಬಹುದು. ಇದನ್ನು ಮಗುವಿಗೆ ಮೊದಲೇ ತಿಳಿಸಿರಿ.

ಕಂಪನಿ ಉತ್ತರವನ್ನೇ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಆರ್ಡರ್ ಸಂಖ್ಯೆಗಳ ಪಟ್ಟಿ, ಕಂಪನಿಗೆ ಬರೆದ ಪತ್ರದ ಸ್ಕ್ರೀನ್‌ಶಾಟ್, ಸ್ಪಿನ್‌ನ ಶೇಕಡಾ ಪಟ್ಟಿಯ ಸ್ಕ್ರೀನ್‌ಶಾಟ್ ಕೈಯಲ್ಲಿಟ್ಟುಕೊಂಡು ಕರೆ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.